ಹೊಡೆಯುವವನೇ ಒಡೆಯನೇ?

ಕಳೆದ ವರ್ಷದ ಶ್ರಾವಣದಲ್ಲಿ ಕೊಪ್ಪಳ ತಾಲ್ಲೂಕಿನ ಒಬ್ಬ ಲಾರಿ ಡ್ರೈವರ್ ಬಳ್ಳಾರಿಯ ನನ್ನ ಸಣ್ಣ ಕಚೇರಿಗೆ ಒಂದು ನೋಟ್‌ಬುಕ್ ಹಿಡಿದುಕೊಂಡು ಬಂದ. ನಾನು ಸಣ್ಣಪುಟ್ಟ ವ್ಯಾಪಾರಿಗಳ, ಒಂದೆರಡು ಗಾಡಿ ಇಟ್ಟುಕೊಂಡವರ ತೆರಿಗೆ ಲೆಕ್ಕ ಬರೆದು ಬದುಕುವವನು. ಈ ಹುಡುಗ ಹದಿನೈದು ವರ್ಷದ ಹಿಂದೆ ನನ್ನ ಸೋದರಮಾವನ ಲಾರಿಯಲ್ಲಿ ಕ್ಲೀನರ್ ಆಗಿದ್ದ. ಆಗಿನಿಂದಲೂ ನನ್ನನ್ನು ಅಣ್ಣ ಎಂದೇ ಕರೆಯುತ್ತಾನೆ. ಹಿಂಬದಿಯಲ್ಲಿ ಮಗ್ಗಿ ಅಚ್ಚಾಗಿರುವ ಶಾಲೆಯ ಉದ್ದನೆಯ ನೋಟ್‌ಬುಕ್ ಅದು. ದಿನಾಂಕ, ಲಾರಿ ತೂಗುವ ಕಾಟಾದ ತೂಕ, ಬಾಡಿಗೆ, ಡೀಸೆಲ್ ಎಂದು ಗೆರೆ ಎಳೆದು ಬರೆದದ್ದು ಅವನು. ತಿಂಗಳ ಕೊನೆಗೆ ಕೂಡಿ ಕಳೆದು ದುಂಡಗೆ ಬರೆದದ್ದು ಏಳನೆಯ ತರಗತಿಯಲ್ಲಿರುವ ಅವನ ಮಗಳು. "ಅಣ್ಣಾರ, ಗಾಡಿ ನಂದಾಗೋ ತನಕ ತಡೀಬೇಕೋ, ಈಗ್ಲೇ ಬಿಡಬೇಕೋ, ಲೆಕ್ಕ ನೋಡಿ ಹೇಳ್ರಿ" ಎಂದ.

ಅವನು ಸೇರಿಕೊಂಡಿದ್ದ ವ್ಯವಹಾರ ನಮ್ಮ ಕಡೆ ಹೊಸದೇನಲ್ಲ. ಹಲವು ಗಾಡಿಗಳಿರುವ ಓನರ್ ಒಬ್ಬರು ತಮ್ಮ ಹಳೆಯದೊಂದು ಗಾಡಿಯನ್ನು ನಂಬಿಕೆಯ ಡ್ರೈವರ್‌ಗೆ ಕಂತಿನ ಮೇಲೆ ಬಿಡುತ್ತಾರೆ. ಸ್ವಲ್ಪ ಮುಂಗಡ, ಮೇಲೆ ತಿಂಗಳ ಕಂತು. ಲೋಡ್ ಓನರೇ ಕೊಡುತ್ತಾರೆ, ಸಾಗಣೆಯ ಬಾಡಿಗೆಯಲ್ಲಿ ಕಂತನ್ನು ಮುರಿದುಕೊಂಡು ಉಳಿದದ್ದನ್ನು ಕೈಗೆ ಹಾಕುತ್ತಾರೆ. ಕಂತು ತೀರಿದ ದಿನ ಗಾಡಿ ಡ್ರೈವರ್‌ನದು. ಅಮೆರಿಕದಲ್ಲಿ ಇದಕ್ಕೆ ಲೀಸ್-ಪರ್ಚೇಸ್ ಎನ್ನುತ್ತಾರೆ; ಅಲ್ಲಿ ಸಾಗಣೆ ಕಂಪನಿಗಳು ದೊಡ್ಡ ಪ್ರಮಾಣದಲ್ಲಿ ಯೋಜನೆ ಹಾಕಿ ಮಾಡುವುದನ್ನು ಇಲ್ಲಿ ಒಂದು ಬಾಂಡ್ ಪೇಪರಿನ ಮೇಲೆ ಇಬ್ಬರು ಸಾಕ್ಷಿಗಳ ಎದುರು ಮುಗಿಸುತ್ತಾರೆ. ಅವನ ಬಾಂಡಿನಲ್ಲಿ ನಾನು ಎರಡು ಸಲ ಓದಿದ ಸಾಲು ಇದು: "ಸತತ ಎರಡು ಕಂತು ಬಾಕಿ ಉಳಿದಲ್ಲಿ ಎರಡನೇ ಪಾರ್ಟಿಯವರು ಸದರಿ ವಾಹನವನ್ನು ತಕರಾರಿಲ್ಲದೆ ಮರಳಿ ಒಪ್ಪಿಸತಕ್ಕದ್ದು, ಅದುವರೆಗೆ ಸಂದಾಯವಾದ ಮೊಬಲಗನ್ನು ವಾಹನದ ಬಾಡಿಗೆ ಎಂದು ಭಾವಿಸತಕ್ಕದ್ದು." ಅಂದರೆ ಕೊನೆಯ ಕಂತಿನವರೆಗೂ ಅದು ಖರೀದಿಯೇ ಅಲ್ಲ; ಎಡವಿದ ದಿನ ಹಿಂದಿನದೆಲ್ಲವೂ ಬಾಡಿಗೆಯಾಗಿ ಹೋಗುತ್ತದೆ.

ಮುಂಗಡ 2 ಲಕ್ಷ, ತಿಂಗಳಿಗೆ 45,000ದಂತೆ 48 ಕಂತು, ಒಟ್ಟು 23,60,000 ರೂಪಾಯಿ. ಅದೇ ಮಾಡೆಲಿನ ಹತ್ತು ಚಕ್ರದ ಟಿಪ್ಪರ್‌ಗೆ ಆ ಹೊತ್ತಿಗೆ ಬಳ್ಳಾರಿಯಲ್ಲಿ ದಲ್ಲಾಳಿಗಳು ಹೇಳುತ್ತಿದ್ದ ಬೆಲೆ 14 ಲಕ್ಷದ ಆಸುಪಾಸು. ಕೆಲಸವೆಂದರೆ ಸಂಡೂರು ಕಡೆಯಿಂದ ಅದಿರು ತುಂಬಿಕೊಂಡು ಗಿಣಿಗೇರಿ ಕಡೆಯ ಕಾರ್ಖಾನೆಗೆ ಸುರಿಯುವುದು. ಕಮಿಷನ್ ಹೋಗಿ ಟನ್ನಿಗೆ 300ರಂತೆ 17 ಟನ್ನಿಗೆ ಒಂದು ಟ್ರಿಪ್ಪಿಗೆ 5,100, ಹೋಗಿ ಬರುವ ಡೀಸೆಲ್ 3,330, ಉಳಿಯುವುದು 1,770. ಒಳ್ಳೆಯ ತಿಂಗಳಲ್ಲಿ 40 ಟ್ರಿಪ್ ಆದರೆ 70,800. ಅದರಲ್ಲಿ ಕಂತು 45,000, ಟೈರ್, ರಿಪೇರಿ, ಇನ್ಶೂರೆನ್ಸ್, ಟ್ಯಾಕ್ಸ್, ಗಾಡಿ ಓಡಲು ಯೋಗ್ಯವೆಂಬ ಪತ್ರವಾದ ಎಫ್‌ಸಿಗೆಂದು ಓನರ್ ಹಿಡಿಯುವ 14,000 ಕಳೆದರೆ ಮನೆಗೆ 11,800. ಜುಲೈ ತಿಂಗಳಲ್ಲಿ ಮಳೆ, ಯಾರ್ಡಿನಲ್ಲಿ ಕಾಯುವುದು, ಪರ್ಮಿಟ್ ತಡ ಎಲ್ಲ ಸೇರಿ ಆದದ್ದು 26 ಟ್ರಿಪ್. ಉಳಿದದ್ದು 46,020, ಕಂತು ಕಳೆದರೆ 1,020, ಅದರಲ್ಲಿ 14,000 ಕಳೆಯಬೇಕು. ಈ ಜಾಗದಲ್ಲಿ ಮಗಳ ಪೆನ್ನು ನಿಂತಿತ್ತು. "ಅಪ್ಪಾ, ಕಳೆಯೋ ಲೆಕ್ಕದಾಗ ದೊಡ್ಡ ಸಂಖ್ಯೆ ಕೆಳಗ ಬಂದ್ರ ಏನ್ ಮಾಡೋದು?" ಎಂದು ಕೇಳಿದಳಂತೆ. ಮರುದಿನ ಶಾಲೆಯಲ್ಲಿ ಕೇಳಿಕೊಂಡು ಬಂದು ಹಿಂದೆ ಒಂದು ಅಡ್ಡಗೆರೆ ಹಾಕಿ 12,980 ಎಂದು ಬರೆದಿದ್ದಳು.

ಅದೇ ಯಾರ್ಡಿನಲ್ಲಿ, ಅದೇ ಓನರ್ ಹತ್ತಿರ ಸಂಬಳಕ್ಕೆ ಗಾಡಿ ಹೊಡೆಯುವವರಿಗೆ ತಿಂಗಳಿಗೆ 18,000, ಟ್ರಿಪ್ಪಿಗೆ 150 ಬತ್ತಾ. 40 ಟ್ರಿಪ್ ಆದರೆ 24,000, 26 ಟ್ರಿಪ್ ಆದರೆ 21,900. ಟೈರ್ ಒಡೆದರೆ ಅದು ಓನರ್‌ನ ತಲೆನೋವು. ಆದರೂ ಕಂತು ಎನ್ನುವುದು ಖರ್ಚಲ್ಲ, ಗಾಡಿಯಲ್ಲಿ ಕೂಡುತ್ತಿರುವ ಉಳಿತಾಯ ಎಂಬ ವಾದವಿದೆ. ಓನರ್‌ಗಳೂ ಹಾಗೆಯೇ ಹೇಳುತ್ತಾರೆ, ಅದು ಪೂರ್ತಿ ಸುಳ್ಳೇನೂ ಅಲ್ಲ. ಆದ್ದರಿಂದ ಅದನ್ನು ಒಪ್ಪಿಕೊಂಡೇ ಲೆಕ್ಕ ಹಾಕಿದೆ. 48 ತಿಂಗಳೂ 40 ಟ್ರಿಪ್ಪಿನವೇ ಎಂದು ಹಿಡಿಯೋಣ. ಸಂಬಳದವನಿಗಿಂತ ಇವನು ತಿಂಗಳಿಗೆ 12,200 ಕಡಿಮೆ ಒಯ್ಯುತ್ತಾನೆ. ನಾಲ್ಕು ವರ್ಷಕ್ಕೆ 5,85,600. ಮುಂಗಡ ಸೇರಿದರೆ 7,85,600. ಇದು ಅವನು ಗಾಡಿಗೆ ತೆತ್ತ ನಿಜವಾದ ಬೆಲೆ. ನಾಲ್ಕು ವರ್ಷ ಅದಿರು ಹೊತ್ತ ಮೇಲೂ ಗಾಡಿ 8 ಲಕ್ಷಕ್ಕೆ ಹೋಗುತ್ತದೆ ಎಂದು ಉದಾರವಾಗಿಯೇ ಹಿಡಿದೆ. ಆಗ ಲಾಭ 14,400 ರೂಪಾಯಿ, ನಾಲ್ಕು ವರ್ಷಕ್ಕೆ ಸೇರಿ. ಜುಲೈನಂಥ ಒಂದೇ ಒಂದು ತಿಂಗಳು ನಡುವೆ ಬಂದರೆ ಹೆಚ್ಚುವರಿಯಾಗಿ 22,680 ಹೋಗುತ್ತದೆ. ಅಂದರೆ ಆ ನೋಟ್‌ಬುಕ್ಕಿನಲ್ಲಿ ಲಾಭ ಆಗಲೇ ಮುಗಿದುಹೋಗಿತ್ತು, ಅವನಿಗೆ ಗೊತ್ತಿರಲಿಲ್ಲ ಅಷ್ಟೇ.

ಅದೇ ಗಾಡಿಯನ್ನು ಅವನೇ 14 ಲಕ್ಷಕ್ಕೆ ಕೊಂಡು, ಕೈಯಿಂದ 2 ಲಕ್ಷ ಹಾಕಿ, ಉಳಿದ 12 ಲಕ್ಷಕ್ಕೆ ಫೈನಾನ್ಸ್ ಮಾಡಿಸಿದ್ದರೆ? ಫ್ಲಾಟ್ ಶೇಕಡಾ 10ರ ಬಡ್ಡಿಗೆ, ಅಂದರೆ ಕೊನೆತನಕ ಪೂರ್ತಿ 12 ಲಕ್ಷದ ಮೇಲೇ ಬಡ್ಡಿ ಹಿಡಿದರೆ, ನಾಲ್ಕು ವರ್ಷಕ್ಕೆ ತಿಂಗಳ ಕಂತು 35,000 ಆಗುತ್ತದೆ. ಫ್ಲಾಟ್ 10 ಎಂದರೆ ಸಾಲ ಇಳಿಯುತ್ತಾ ಹೋಗುವ ಲೆಕ್ಕದಲ್ಲಿ ನಿಜವಾದ ಬಡ್ಡಿ 17ರಿಂದ 18ರ ನಡುವೆ ಬೀಳುತ್ತದೆ; ಅಗ್ಗದ ಸಾಲವಂತೂ ಅಲ್ಲ. ಹಾಗಿದ್ದರೂ ಒಳ್ಳೆಯ ತಿಂಗಳಲ್ಲಿ ಮನೆಗೆ 21,800 ಬರುತ್ತದೆ, ಸಂಬಳದವನಿಗಿಂತ ಬರೀ 2,200 ಕಡಿಮೆ. ನಾಲ್ಕು ವರ್ಷದ ಕೊನೆಗೆ, ಅದೇ 8 ಲಕ್ಷದ ಗಾಡಿಯನ್ನು ಲೆಕ್ಕಕ್ಕೆ ಹಿಡಿದರೆ, ಸುಮಾರು 5 ಲಕ್ಷ ಮೇಲೆ ಉಳಿಯುತ್ತದೆ. 48ರಲ್ಲಿ 21 ಜುಲೈಗಳು ಬಂದರೂ ಅವನು ಮುಳುಗುವುದಿಲ್ಲ. ಗಾಡಿ ಅದೇ, ದಾರಿ ಅದೇ, ದುಡಿಮೆಯೂ ಅದೇ. ತಿಂಗಳ ಆ 10,000ದ ಅಂತರವನ್ನು ಅವನು ತೆರುತ್ತಿರುವುದು ಸಾಲ ಹುಟ್ಟದ ತನ್ನ ಸ್ಥಿತಿಗೆ. ಫೈನಾನ್ಸ್‌ನವರು ಜಾಮೀನು ಕೇಳುತ್ತಾರೆ, ಹೊಲದ ಪಹಣಿ ಕೇಳುತ್ತಾರೆ, ತೆರಿಗೆ ರಿಟರ್ನ್ಸ್ ಕೇಳುತ್ತಾರೆ. ಹತ್ತು ವರ್ಷ ಒಂದೂ ಅಪಘಾತ ಮಾಡದೆ ಗಾಡಿ ಹೊಡೆದದ್ದಕ್ಕೆ ಯಾವ ಕಾಗದವೂ ಇಲ್ಲ. ಓನರ್ ಮಾತ್ರ ಅದನ್ನೇ ಜಾಮೀನೆಂದು ಒಪ್ಪಿಕೊಳ್ಳುತ್ತಾರೆ, ಬೆಲೆ ಕಟ್ಟಿ.

ಇನ್ನು ಲೋಡಿನ ಮಾತು. ನನಗೆ ಇಡೀ ವ್ಯವಹಾರದ ಕೀಲಿಕೈ ಇದರಲ್ಲೇ ಇದೆ ಎನ್ನಿಸಿದ್ದು ನೋಟ್‌ಬುಕ್ಕನ್ನು ಇನ್ನೊಂದು ಸಲ ತಿರುವಿದಾಗ. ಜುಲೈನಲ್ಲಿ ಇವನಿಗೆ 26 ಟ್ರಿಪ್ ಆದಾಗ ಅದೇ ಓನರ್‌ನ ಸಂಬಳದ ಗಾಡಿಗಳಿಗೆ ಎಷ್ಟಾಗಿತ್ತು ಎಂದು ಕೇಳಿದೆ. 33, 35 ಆಗಿದ್ದವಂತೆ. ಇದರಲ್ಲಿ ಓನರ್‌ನ ದುರುದ್ದೇಶವನ್ನು ಹುಡುಕಬೇಕಾಗಿಲ್ಲ. ಲೋಡ್ ಕಡಿಮೆಯಾದಾಗ ನಿಂತರೆ ನಷ್ಟವಾಗುವ ಗಾಡಿಯನ್ನು ಯಾರಾದರೂ ಮೊದಲು ಕಳಿಸುತ್ತಾರೆ. ಸಂಬಳದ ಗಾಡಿ ನಿಂತರೆ ನಷ್ಟ ಓನರ್‌ಗೆ. ಕಂತಿನ ಗಾಡಿ ನಿಂತರೆ ನಷ್ಟ ಡ್ರೈವರ್‌ಗೆ, ಓನರ್‌ಗೆ ಕಂತಂತೂ ಬಂದೇ ಬರುತ್ತದೆ. ಬೇರೆ ಟ್ರಾನ್ಸ್‌ಪೋರ್ಟ್‌ನವರ ಲೋಡ್ ಹಿಡಿಯೋಣವೆಂದರೆ ಬಾಂಡಿನಲ್ಲಿ ಅದಕ್ಕೂ ಅಡ್ಡಿ: "ಮೊದಲನೇ ಪಾರ್ಟಿಯವರು ನೀಡುವ ಬಾಡಿಗೆಯನ್ನೇ ಮಾಡತಕ್ಕದ್ದು." ಮೇಲಾಗಿ ಟನ್ನಿನ ದರವೂ ಡ್ರೈವರ್‌ನ ಕೈಯಲ್ಲಿಲ್ಲ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಹತ್ತು ಚಕ್ರದ ಗಾಡಿಯ ಒಟ್ಟು ತೂಕದ ಮಿತಿಯನ್ನು 25 ಟನ್‌ನಿಂದ 28.5ಕ್ಕೆ ಏರಿಸಿದಾಗ ಹೆಚ್ಚು ಹೊರಬಹುದೆಂದು ಎಲ್ಲರೂ ಹಿಗ್ಗಿದ್ದರು. ಅಷ್ಟೇ ಮಾಲನ್ನು ಕಡಿಮೆ ಗಾಡಿಗಳು ಸಾಗಿಸಬಹುದಾದಾಗ ಉಳಿದ ಗಾಡಿಗಳು ಏನು ಮಾಡಬೇಕೆಂಬ ಪ್ರಶ್ನೆ ಆಮೇಲೆ ಹುಟ್ಟಿತು. ಕಂತು ಮುಟ್ಟಿಸಲು ಓವರ್‌ಲೋಡ್ ಮಾಡುವುದು ಮುಂದಿನ ಹೆಜ್ಜೆ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಾದ ಮೇಲೆ ಅದಕ್ಕೆ ದಂಡ 20,000, ಹೆಚ್ಚುವರಿ ಪ್ರತಿ ಟನ್ನಿಗೆ ಮತ್ತೆ 2,000. ಆ ದಂಡ ಯಾರು ಕಟ್ಟಬೇಕೆಂದು ಬಾಂಡಿನಲ್ಲಿ ಸ್ಪಷ್ಟವಾಗಿಯೇ ಬರೆದಿತ್ತು.

ಇಷ್ಟು ಹೇಳಿ, ಗಾಡಿ ಸ್ವಂತ ಹೆಸರಿನಲ್ಲಿದ್ದರೆ ಸಾಕು ಎಂದುಬಿಟ್ಟರೆ ನನ್ನ ಸೋದರಮಾವ ನನ್ನನ್ನು ಕ್ಷಮಿಸಲಾರರು. ಅವರು 2008ರಲ್ಲಿ ತಮ್ಮ ಹೆಸರಿನಲ್ಲೇ ಹೊಸ ಲಾರಿ ತೆಗೆದವರು. ಚೀನಾಕ್ಕೆ ಅದಿರು ಹೋಗುತ್ತಿದ್ದ ಕಾಲ ಅದು. ಬೇಲೆಕೇರಿ ಬಂದರಿನ ದಾರಿಯಲ್ಲಿ ಗಾಡಿಗಳು ಒಂದರ ಬೆನ್ನಿಗೆ ಒಂದು ಹೋಗುತ್ತಿದ್ದವು, ಬಳ್ಳಾರಿಯ ರಸ್ತೆ ಬದಿಯ ಬೇವಿನ ಮರಗಳೂ ಕೆಂಪಗಿರುತ್ತಿದ್ದವು. ಹೊಲ ಮಾರಿ ಲಾರಿ ತೆಗೆದವರನ್ನು ಆಗ ಯಾರೂ ಹುಚ್ಚರೆನ್ನುತ್ತಿರಲಿಲ್ಲ. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಬಂದರುಗಳಿಂದ ಅದಿರು ರಫ್ತು ನಿಲ್ಲಿಸಿತು. ಮರುವರ್ಷ, 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ನೆಲ, ನೀರು, ಕಾಡು ನೋಡಿದ ಯಾರೂ ಆ ಆದೇಶ ತಪ್ಪೆನ್ನಲಾರರು, ನಾನೂ ಅನ್ನುವುದಿಲ್ಲ. ಆದರೆ ಆ ಸಂಜೆಯಿಂದ ಮಾವನ ಲಾರಿ ಮನೆಯ ಮುಂದೆ ನಿಂತಿತು, ಕಂತು ಮಾತ್ರ ನಿಲ್ಲಲಿಲ್ಲ. ಮೊದಲ ತಿಂಗಳು ಅತ್ತೆಯ ಬಳೆ ಹೋದವು. ಎಂಟು ಕಂತು ಬಾಕಿಯಾದಾಗ ಒಂದು ರಾತ್ರಿ ನಾಲ್ಕು ಜನ ಬಂದು ಲಾರಿ ತೆಗೆದುಕೊಂಡು ಹೋದರು. ಸಾಲ ವಸೂಲಿಗೆ ಗೂಂಡಾಗಳನ್ನು ಬಳಸಬಾರದೆಂದು ಸುಪ್ರೀಂ ಕೋರ್ಟ್ 2007ರಲ್ಲೇ ಹೇಳಿತ್ತು. ರಾತ್ರಿ ಬಂದವರ ಎದುರು ಆ ತೀರ್ಪನ್ನು ಓದಿ ಹೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗಿತ್ತು? 2013ರ ಏಪ್ರಿಲ್‌ನಲ್ಲಿ ಕೋರ್ಟ್ ಅಕ್ರಮವಿಲ್ಲದ ಅಥವಾ ಕಡಿಮೆಯಿದ್ದ 'ಎ' ಮತ್ತು 'ಬಿ' ವರ್ಗದ ಗಣಿಗಳಿಗೆ ಮಿತಿ ಹಾಕಿ ಅನುಮತಿ ಕೊಡುವ ಹೊತ್ತಿಗೆ ಮಾವ ಇನ್ನೊಬ್ಬರ ಗಾಡಿಯಲ್ಲಿ ಡ್ರೈವರ್ ಆಗಿದ್ದರು. ಅವರ ತಪ್ಪು ಸಾಲ ಮಾಡಿದ್ದಲ್ಲ, ಒಂದೇ ಮಾಲನ್ನು ನಂಬಿದ್ದು. ಇವತ್ತಿಗೂ ಅದಿರಿನ ಗಾಡಿ ಕೊಳ್ಳುವವರಿಗೆ ನಾನು ಹೇಳುವುದು ಅದನ್ನೇ. ಅದರ ಮೇಲೆ ಈಗ ಅದಿರಿನ ದೊಡ್ಡ ಪಾಲು ರೈಲಿನಲ್ಲೂ ಕನ್ವೇಯರ್ ಬೆಲ್ಟಿನ ಮೇಲೂ ಹೋಗುತ್ತದೆ.

ಕಾಗದಪತ್ರಗಳ ವಿಷಯ ನನ್ನ ವೃತ್ತಿಗೆ ಸೇರಿದ್ದಾದ್ದರಿಂದ ಸ್ವಲ್ಪ ಹೆಚ್ಚೇ ಹೇಳುತ್ತೇನೆ. ಕಂತಿನ ಡ್ರೈವರ್ ಓನರೋ ಅಲ್ಲವೋ ಎಂಬುದಕ್ಕೆ ನಮ್ಮ ಕಾನೂನುಗಳಲ್ಲಿ ಒಂದೇ ಉತ್ತರವಿಲ್ಲ. ಮೋಟಾರು ವಾಹನ ಕಾಯ್ದೆಯ 2(30)ನೇ ಕಲಂ, ಹೈರ್ ಪರ್ಚೇಸ್ (ಕಂತಿನ ಖರೀದಿ) ಅಥವಾ ಲೀಸ್ ಕರಾರಿನ ಮೇಲೆ ಗಾಡಿಯನ್ನು ಸ್ವಾಧೀನದಲ್ಲಿ ಇಟ್ಟುಕೊಂಡವನೇ ಮಾಲೀಕ ಎನ್ನುತ್ತದೆ. 2026ರ ಮಾರ್ಚ್‌ವರೆಗೆ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 44ಎಇ ಕಲಂ ಕೂಡ, ಕಂತಿನ ಮೇಲೆ ಪಡೆದು ಹಣ ಇನ್ನೂ ಬಾಕಿ ಇದ್ದರೂ ಗಾಡಿ ಯಾರ ಕೈಯಲ್ಲಿದೆಯೋ ಅವನನ್ನೇ ಮಾಲೀಕನೆಂದು ಭಾವಿಸಿ, 12 ಟನ್ ಮೀರಿದ ಗಾಡಿಗೆ ಒಟ್ಟು ತೂಕದ ಪ್ರತಿ ಟನ್ನಿಗೆ ತಿಂಗಳಿಗೆ 1,000ದಂತೆ ಆದಾಯ ಹಿಡಿಯಲು ಹೇಳುತ್ತಿತ್ತು. ಆ ಲೆಕ್ಕಕ್ಕೆ ನಮ್ಮ ಹುಡುಗನ ಆದಾಯ ತಿಂಗಳಿಗೆ 28,500. ಮಗಳ ಲೆಕ್ಕದಲ್ಲಿ ಅದು ಅಡ್ಡಗೆರೆಯ 12,980. ಅಪಘಾತವಾದರೆ ಮಾತ್ರ ಎಲ್ಲರೂ ಆರ್‌ಸಿಯಲ್ಲಿ, ಅಂದರೆ ನೋಂದಣಿ ಪತ್ರದಲ್ಲಿ, ಯಾರ ಹೆಸರಿದೆ ಎಂದು ನೋಡುತ್ತಾರೆ; ಕೈ ಬದಲಾದರೂ ಆರ್‌ಸಿಯಲ್ಲಿ ಹೆಸರಿರುವವನೇ ಪರಿಹಾರಕ್ಕೆ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆರ್‌ಸಿಯನ್ನು ತಮ್ಮ ಹೆಸರಿನಲ್ಲಿ ಇಟ್ಟುಕೊಂಡ ಓನರ್‌ಗಳಿಗೂ ಇದು ನಿದ್ದೆಗೆಡಿಸಬೇಕಾದ ಮಾತು.

ಡ್ರೈವರ್‌ಗೇ ಏನಾದರೂ ಆದರೆ? ಸಂಬಳದ ಡ್ರೈವರ್ ಆಗಿದ್ದರೆ ಅವನು ನೌಕರ, ಅವನ ಮನೆಯವರು ನೌಕರರ ಪರಿಹಾರದ ಕಾನೂನಿನಡಿ ಪರಿಹಾರ ಕೇಳಬಹುದು. ಆರ್‌ಸಿ ಇದ್ದ ಓನರ್ ತಾನೇ ಓಡಿಸುತ್ತಿದ್ದರೆ ಅವನಿಗೆ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಇರುತ್ತದೆ. ಕಂತಿನ ಡ್ರೈವರ್‌ನನ್ನು ನೌಕರನಲ್ಲ ಎಂದು ಬಾಂಡ್ ಹೇಳುತ್ತದೆ, ಮಾಲೀಕನಲ್ಲ ಎಂದು ಆರ್‌ಸಿ ಹೇಳುತ್ತದೆ. ಇನ್ನೊಬ್ಬರ ವಾಹನ ಪಡೆದು ಓಡಿಸುವವನು ಮಾಲೀಕನ ಜಾಗದಲ್ಲೇ ನಿಂತಂತೆ ಎಂದು 2009ರಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ, ತಪ್ಪು ಯಾರದೆಂದು ನೋಡದೆ ಸಿಗುವ ಪರಿಹಾರದ ದಾರಿಯನ್ನು ಮುಚ್ಚಿತ್ತು. ಅದೂ ಕರ್ನಾಟಕದಿಂದಲೇ ಹೋದ ಪ್ರಕರಣ. ಇದನ್ನು ಹೇಳಿದಾಗ ಅವನು ಮಾತಾಡಲಿಲ್ಲ, ನೋಟ್‌ಬುಕ್ಕಿನ ಮೂಲೆಯನ್ನು ಮಡಚುತ್ತಾ ಕುಳಿತ.

ನಮ್ಮ ತಂದೆಯ ಕಾಲದಲ್ಲಿ 'ಉಳುವವನೇ ಒಡೆಯ' ಎಂಬ ಮಾತು ಊರೂರಲ್ಲಿ ಓಡಾಡುತ್ತಿತ್ತು. 1974ರ ಮಾರ್ಚಿನಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಾಗ ಗೇಣಿದಾರರು ಉಳುವ ಭೂಮಿಯ ಹಕ್ಕು ಕೇಳುವ ಅರ್ಜಿಯಾದ ಏಳನೇ ನಮೂನೆ ತುಂಬಿ ಟ್ರಿಬ್ಯೂನಲ್ ಮುಂದೆ ನಿಂತರು. ಲಾರಿ ಹೊಡೆಯುವವನಿಗೆ ಅಂಥ ಒಂದು ನಮೂನೆ ಸಿಗಬಹುದಾಗಿತ್ತು: 1972ರಲ್ಲಿ ಸಂಸತ್ತು ಹೈರ್ ಪರ್ಚೇಸ್ ಕಾಯ್ದೆಯೊಂದನ್ನು ಮಾಡಿತು, ಬೆಲೆಯ ದೊಡ್ಡ ಪಾಲು ಕಟ್ಟಿದವನಿಂದ ಕೋರ್ಟಿಗೆ ಹೋಗದೆ ವಸ್ತುವನ್ನು ಕಿತ್ತುಕೊಳ್ಳಬಾರದೆಂದು ಅದರಲ್ಲಿತ್ತು. ಆ ಕಾಯ್ದೆ ಒಂದು ದಿನವೂ ಜಾರಿಗೆ ಬರದೆ 2005ರಲ್ಲಿ ರದ್ದಾಯಿತು. ಹೊಡೆಯುವವನು ಒಡೆಯನಾಗುವುದು ಬಾಂಡ್ ಬರೆಸಿದವರ ಮರ್ಜಿಗೆ ಉಳಿಯಿತು.

ಅಮೆರಿಕದ ಕಥೆಯನ್ನು ಇಲ್ಲಿ ಉದ್ದಕ್ಕೆ ಎಳೆಯುವುದಿಲ್ಲ. ಅಲ್ಲಿ ಕಂತು ವಾರವಾರ ಮುರಿಯುತ್ತದೆ, ಬಾಡಿಗೆ ಮೈಲಿಯ ಲೆಕ್ಕ, ರಿಪೇರಿಗೆಂದು ಬೇರೆಯೇ ಹಣ ಹಿಡಿಯುತ್ತಾರೆ, ಲೋಡ್ ಕೊಡುವುದು ಗಾಡಿ ಕೊಟ್ಟ ಕಂಪನಿಯೇ. ವಾರವಿಡೀ ಓಡಿಸಿಯೂ ಕೈಗೆ ಬರುವುದು ಸೊನ್ನೆಗಿಂತ ಕೆಳಗಿಳಿದ ಪಾವತಿ ಚೀಟಿಗಳು ಅಲ್ಲಿನ ಕೋರ್ಟುಗಳವರೆಗೂ ಹೋಗಿವೆ. 2021ರ ಒಂದು ಕಾನೂನಿನ ಅಡಿ ಅಲ್ಲಿನ ಸರ್ಕಾರ ಇದನ್ನು ಪರಿಶೀಲಿಸಲೆಂದೇ ಒಂದು ಕಾರ್ಯಪಡೆ ರಚಿಸಿತು. ಅದು 2025ರ ಜನವರಿಯ ವರದಿಯಲ್ಲಿ ಇಂಥ ಲೀಸ್-ಪರ್ಚೇಸ್ ಕರಾರುಗಳನ್ನೇ ನಿಷೇಧಿಸಬೇಕೆಂದು ಶಿಫಾರಸು ಮಾಡಿತು. ನಮ್ಮಲ್ಲಿ ನಿಷೇಧಿಸಲು ಅದಕ್ಕೊಂದು ಹೆಸರೇ ಇಲ್ಲ.

ಈ ವ್ಯವಹಾರದಿಂದ ಗೆದ್ದವರನ್ನೇ ನಾನು ನೋಡಿಲ್ಲವೆಂದರೆ ಅದು ಸುಳ್ಳಾಗುತ್ತದೆ. ಸಿಂಧನೂರು ಕಡೆಯ ಒಬ್ಬರು ತಮ್ಮ ಓನರ್‌ನಿಂದಲೇ ಕಂತಿನ ಮೇಲೆ ಗಾಡಿ ಪಡೆದರು. ಆದರೆ ಮೊದಲ ದಿನವೇ ಆರ್‌ಸಿ ತಮ್ಮ ಹೆಸರಿಗೆ ಮಾಡಿಸಿಕೊಂಡರು, ಬೆಲೆ ಪೇಟೆಯಲ್ಲಿ ನಡೆಯುತ್ತಿದ್ದುದೇ, ಲೋಡಿಗೆ ಕಟ್ಟುಪಾಡಿರಲಿಲ್ಲ. ಸುಗ್ಗಿಯಲ್ಲಿ ಭತ್ತ, ಆಮೇಲೆ ಅಕ್ಕಿ, ಮಳೆಗಾಲದಲ್ಲಿ ಗೊಬ್ಬರ ಎಂದು ಮಾಲು ಬದಲಿಸುತ್ತಾ ಹೊಡೆದರು. ಕಂತು ಇದ್ದ ಮೂರು ವರ್ಷ ಅವರೂ ಸಂಬಳದವರಿಗಿಂತ ಹೆಚ್ಚೇನೂ ಕಾಣಲಿಲ್ಲ. ದುಡ್ಡು ಕಂಡದ್ದು ಕಂತು ತೀರಿದ ಮೇಲಿನ ಎರಡು ವರ್ಷದಲ್ಲಿ. ಅದಕ್ಕೇ ಕಂತು ತೀರುವ ದಿನ ಗಾಡಿಗೆ ಎಷ್ಟು ವಯಸ್ಸಾಗಿರುತ್ತದೆ ಎಂದು ನಾನು ಮೊದಲು ಕೇಳುತ್ತೇನೆ. ಎಂಟು ವರ್ಷ ದಾಟಿದ ಗಾಡಿಗೆ ವರ್ಷವರ್ಷ ಎಫ್‌ಸಿ. ಎಂಜಿನ್ ಬಿಚ್ಚುವ ಕಾಲವೂ ಅದೇ. ಏಳು ವರ್ಷದ ಗಾಡಿಗೆ ನಾಲ್ಕು ವರ್ಷದ ಕಂತು ಎಂದರೆ ಎಮ್ಮೆ ಬತ್ತಿದ ಮೇಲೆ ಹಾಲಿನ ಹಕ್ಕು ಬಂದಂತೆ.

ಲೆಕ್ಕ ಗೊತ್ತಿದ್ದೂ ಡ್ರೈವರ್‌ಗಳು ಇದಕ್ಕೆ ಏಕೆ ಬೀಳುತ್ತಾರೆ ಎಂದು ನಾನು ಮೊದಲು ಅಚ್ಚರಿಪಡುತ್ತಿದ್ದೆ. ಅವನನ್ನೇ ಕೇಳಿದೆ. "ಕಾಟಾದಾಗ ಲೇ ಡ್ರೈವರ್ ಅಂತಿದ್ರು ಅಣ್ಣಾರ. ಗಾಡಿ ನಂದು ಅಂತ ಗೊತ್ತಾದ ಮ್ಯಾಲೆ ಓನರ್ರ ಬರ್ರಿ, ಚಾ ಕುಡೀರಿ ಅಂದ್ರು" ಎಂದ. ಹದಿನಾಲ್ಕು ತಿಂಗಳು ಅವನು ಮುಂಗಾಜಿನ ಮೇಲೆ ಮಗಳ ಹೆಸರು ಬರೆಸಿಕೊಂಡು ಓಡಾಡಿದ್ದ. ನನ್ನ ಕೋಷ್ಟಕದಲ್ಲಿ ಇದಕ್ಕೊಂದು ಅಂಕಣವಿರಲಿಲ್ಲ.

ಮುಂದಿನ ವಾರ ಇಬ್ಬರೂ ಓನರ್ ಹತ್ತಿರ ಹೋದೆವು. ಆರ್‌ಸಿ ಇವನ ಹೆಸರಿಗೆ ಮಾಡಿ, ಬಾಕಿ ಹಣಕ್ಕೆ ಬೇಕಾದರೆ ಬೇರೆ ಕರಾರು ಬರೆಸಿಕೊಳ್ಳಿ ಎಂದು ಕೇಳಿದೆ. ಅವರು ಒಳ್ಳೆಯ ಮನುಷ್ಯರೇ, ಚಹಾ ತರಿಸಿದರು, ಸ್ವಲ್ಪ ಹೊತ್ತು ಸುಮ್ಮನಿದ್ದು ಆರ್‌ಸಿಯ ಪ್ರತಿ ತೆಗೆದು ಮುಂದಿಟ್ಟರು. ಅದರಲ್ಲಿ ಫೈನಾನ್ಸ್‌ನವರ ಹೆಸರಿತ್ತು. ಆ ಗಾಡಿಯ ಮೇಲೆ ಓನರೇ ಇನ್ನೂ ತಿಂಗಳಿಗೆ 31,000 ಕಂತು ಕಟ್ಟುತ್ತಿದ್ದರು. ಇವನ 45,000 ಬಂದರೆ ಅದು ತೀರುತ್ತದೆ, ಉಳಿದದ್ದು ಲಾಭ. ಇವನದು ಬರದಿದ್ದರೆ ಇವನು ಕಟ್ಟಿದ್ದು ಎಷ್ಟೇ ಇರಲಿ, ಗಾಡಿಯ ಮೇಲೆ ಮೊದಲ ಹಕ್ಕು ಫೈನಾನ್ಸ್‌ನವರದು. ಅವರ ಎನ್‌ಒಸಿ, ಅಂದರೆ ಬಾಕಿ ಇಲ್ಲವೆಂಬ ಪತ್ರ, ಬಂದು 35ನೇ ಫಾರಂ ಮೇಲೆ ಸಹಿ ಬೀಳದೆ ಆರ್‌ಟಿಒದಲ್ಲಿ ಆ ಹೆಸರು ಅಳಿಯುವುದಿಲ್ಲ. 48 ಕಂತು ಕಟ್ಟಿದರೂ ಅವನಿಗೆ ಗಾಡಿ ಸಿಗುತ್ತಿದ್ದುದು ಓನರ್ ತಮ್ಮ ಸಾಲ ತೀರಿಸಿದ್ದರೆ ಮಾತ್ರ.

ಇನ್ಶೂರೆನ್ಸ್ ಕಟ್ಟುವ ತಿಂಗಳಿಗೆ ಮೊದಲೇ ಅವನು ಗಾಡಿ ಬಿಟ್ಟ. ಅದುವರೆಗೆ ಕೊಟ್ಟಿದ್ದು 8,30,000. ಬಾಂಡಿನ ಪ್ರಕಾರ ಒಂದು ಪೈಸೆಯೂ ವಾಪಸ್ ಬರಬೇಕಾಗಿರಲಿಲ್ಲ, ಓನರ್ ಮುಂಗಡದಲ್ಲಿ 60,000 ಕೊಟ್ಟರು. ಈಗ ತೋರಣಗಲ್ಲು ಕಡೆ ಇನ್ನೊಬ್ಬರ ಗಾಡಿಯಲ್ಲಿ ಸಂಬಳಕ್ಕಿದ್ದಾನೆ. ನನ್ನ ಒತ್ತಾಯಕ್ಕೆ ರಿಟರ್ನ್ಸ್ ಹಾಕಿಸಿದ, ಮುಂದೆ ಸಾಲ ಕೇಳುವಾಗ ತೋರಿಸಲು ಒಂದು ಕಾಗದವಾದರೂ ಇರಲೆಂದು. ಯುಗಾದಿಯ ಮರುವಾರ ಮತ್ತೆ ಬಂದಿದ್ದ. ಹಿಂದೆಲ್ಲ ಬಂದಾಗ ಮೊಬೈಲ್ ತೆಗೆದು ಯಾವುದಾದರೂ ಗಾಡಿಯ ಫೋಟೋ ತೋರಿಸುತ್ತಿದ್ದ. ಈ ಸಲ ತೋರಿಸಿದ್ದು ಗಂಗಾವತಿ, ಕಾರಟಗಿಯ ಮೂರು ರೈಸ್ ಮಿಲ್ಲುಗಳ ನಂಬರು.